ಲಾಗಿನ್ ಆದ ಮೇಲಿನ ಪರೀಕ್ಷೆ

ಅಂತರಜಾಲದ ಯಾವುದೇ ಸೇವೆಯಲ್ಲಿ ಎರಡು ಬಗೆಯ ಪುಟಗಳಿರುತ್ತವೆ. ಯಾರು ಬೇಕಾದರೂ ತೆರೆದು ಓದಬಹುದಾದ ಪುಟಗಳು ಒಂದು ಬಗೆ. ಬಳಕೆದಾರರ ಹೆಸರು ಮತ್ತು ಪಾಸ್‌ವರ್ಡನ್ನೋ ಮೊಬೈಲಿಗೆ ಬರುವ ಒಟಿಪಿಯನ್ನೋ ಕೊಟ್ಟ ಮೇಲಷ್ಟೇ ತೆರೆದುಕೊಳ್ಳುವ ಪುಟಗಳು ಇನ್ನೊಂದು ಬಗೆ. ಈ ಎರಡನೆಯ ಬಗೆಯ ಪುಟಗಳು ಕಾಣಬೇಕಾದವರಿಗೆ ಸರಿಯಾಗಿ ಕಾಣುತ್ತಿವೆಯೇ, ಕಾಣಬಾರದವರಿಗೆ ಕಾಣದಂತಿವೆಯೇ ಎಂದು ಜನಬಳಕೆಗೆ ಬಿಡುವ ಮುನ್ನ ಪರೀಕ್ಷಿಸುವ ಕ್ರಮವೇ ಈ ಭಾಷಣದ ವಿಷಯ. ವಿಷಯ ಕಂಪ್ಯೂಟರ್ ಓದಿದವರಿಗೆ ಮಾತ್ರ ಸೇರಿದ್ದೆಂದು ರೇಡಿಯೋದ ಕಿವಿ ಹಿಂಡಬೇಕಾಗಿಲ್ಲ. ದಾವಣಗೆರೆಯ ವಿದ್ಯಾರ್ಥಿಯ ಅಂಕಪಟ್ಟಿ, ಹರಿಹರದ ಮನೆಯೊಂದರ ಕ್ರಯಪತ್ರದ ಕರಡು, ಎಪಿಎಂಸಿ ಖರೀದಿದಾರ ನಮೂದಿಸಿದ ಟೆಂಡರ್ ದರ, ಇವೆಲ್ಲ ಇಂದು ಲಾಗಿನ್‌ನ ಹಿಂದೆಯೇ ಇವೆ.

ಈ ವಿಷಯದಲ್ಲಿ ದಾವಣಗೆರೆ ಜಿಲ್ಲೆಗೆ ಒಂದು ವಿಶೇಷ ಸ್ಥಾನವೂ ಇದೆ. ಸರ್ಕಾರಿ ಸೇವೆಗಳ ಅರ್ಜಿಯನ್ನು ಹಳ್ಳಿಯಲ್ಲೇ ಸ್ವೀಕರಿಸುವ ಗ್ರಾಮ ಒನ್ ಯೋಜನೆಯನ್ನು 2020ರ ನವೆಂಬರ್‌ನಲ್ಲಿ ಪ್ರಾಯೋಗಿಕವಾಗಿ ಆರಂಭಿಸಿದ್ದು ಈ ಜಿಲ್ಲೆಯ ಸುಮಾರು 100 ಊರುಗಳಲ್ಲಿ. 2022ರ ಜನವರಿಯಲ್ಲಿ ಅದು 12 ಜಿಲ್ಲೆಗಳಿಗೆ ವಿಸ್ತರಿಸಿತು. ಇಂಥ ಕೇಂದ್ರದಲ್ಲಿ ಕಂಪ್ಯೂಟರ್ ಮುಂದೆ ಕೂರುವ ನಿರ್ವಾಹಕರು ಒಂದೇ ಲಾಗಿನ್‌ನಲ್ಲಿ ದಿನವಿಡೀ ಊರಿನ ಹತ್ತಾರು ಮನೆಗಳ ಆದಾಯ ಪ್ರಮಾಣಪತ್ರ, ಜಾತಿ ಪ್ರಮಾಣಪತ್ರ, ಪಿಂಚಣಿ ಅರ್ಜಿಗಳನ್ನು ತೆರೆದು ಮುಚ್ಚುತ್ತಾರೆ. ಆದ್ದರಿಂದ ಇಲ್ಲಿ ಲಾಗಿನ್ ಎಂಬುದು ಒಬ್ಬರ ಸ್ವಂತ ಖಾತೆಯ ಬೀಗವಾಗಿ ಉಳಿದಿಲ್ಲ. ಒಬ್ಬರ ಲಾಗಿನ್ನಿನೊಳಗೆ ಹಲವರ ಕಾಗದಪತ್ರ ಸಂಚರಿಸುತ್ತದೆ, ಪರೀಕ್ಷೆಯ ಹೊಣೆಯೂ ಅಷ್ಟೇ ಪಾಲು ಹೆಚ್ಚುತ್ತದೆ.

ದಾಖಲೆಯನ್ನು ಲಾಗಿನ್ನಿನ ಹಿಂದೆ ಇಡುವ ಪರಿಪಾಠ ಕರ್ನಾಟಕಕ್ಕೆ ಹೊಸದಲ್ಲ. ಸುಮಾರು 67 ಲಕ್ಷ ಭೂಹಿಡುವಳಿದಾರರ 2 ಕೋಟಿಯಷ್ಟು ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದ ಭೂಮಿ ಯೋಜನೆಯಲ್ಲಿ, ಕೈಬರಹದ ಪಹಣಿಗೆ 2002ರ ಹೊತ್ತಿಗೆ ವಿದಾಯ ಹೇಳುವಾಗಲೇ, ತಾಲ್ಲೂಕು ಕಚೇರಿಯ ಸಿಬ್ಬಂದಿ ಬೆರಳಚ್ಚು ಒತ್ತಿ ತಂತ್ರಾಂಶದೊಳಗೆ ಹೋಗುವ ವ್ಯವಸ್ಥೆಯಿತ್ತು. ಆಗ ಅದು ಅಂತರಜಾಲದ ಪುಟವಾಗಿರಲಿಲ್ಲ, ಕಚೇರಿಯ ಗೋಡೆಗಳ ನಡುವಿನ ತಂತ್ರಾಂಶವಾಗಿತ್ತು. ಬೆರಳಚ್ಚಿನ ಉದ್ದೇಶ ಎರಡು: ಬೇರೆಯವರು ಒಳಬರದಂತೆ ತಡೆಯುವುದು, ಮತ್ತು ಬದಲಾವಣೆ ಮಾಡಿದವರು ಮುಂದೆ "ಅದು ನಾನಲ್ಲ" ಎನ್ನಲಾಗದಂತೆ ಗುರುತು ಉಳಿಸುವುದು. ಈ ಎರಡನೆಯ ಉದ್ದೇಶವನ್ನು ಇಂದಿನ ಎಷ್ಟೋ ಜಾಲಸೇವೆಗಳು ಮರೆತಿವೆ ಎನ್ನಬೇಕಾಗುತ್ತದೆ.

ಇನ್ನು ಮೂಲ ವಿಷಯ. ಲಾಗಿನ್ ಎಂಬ ಒಂದೇ ಪದದೊಳಗೆ ಎರಡು ಪ್ರತ್ಯೇಕ ಪ್ರಶ್ನೆಗಳಿವೆ. ಬಂದವರು ಯಾರು ಎಂಬುದು ಮೊದಲನೆಯದು. ಇದಕ್ಕೆ ಗುರುತಿನ ದೃಢೀಕರಣ ಎನ್ನುತ್ತಾರೆ. ಬಂದವರಿಗೆ ಈ ಪುಟ, ಈ ದಾಖಲೆ, ಈ ಗುಂಡಿ ಸಲ್ಲುತ್ತದೆಯೇ ಎಂಬುದು ಎರಡನೆಯದು. ಇದು ಅಧಿಕಾರ ನಿರ್ಣಯ. ಸರಿಯಾದ ಪಾಸ್‌ವರ್ಡ್ ಕೊಟ್ಟರೆ ಒಳಗೆ ಬಿಟ್ಟಿತು, ತಪ್ಪು ಪಾಸ್‌ವರ್ಡ್ ಕೊಟ್ಟರೆ ಬಿಡಲಿಲ್ಲ, ಅಲ್ಲಿಗೆ ಪರೀಕ್ಷೆ ಮುಗಿಯಿತು ಎಂದು ಬಗೆಯುವವರು ಮೊದಲ ಪ್ರಶ್ನೆಯನ್ನಷ್ಟೇ ಕೇಳಿರುತ್ತಾರೆ. ದೊಡ್ಡ ಹಾನಿಗಳು ನಡೆದಿರುವುದು ಹೆಚ್ಚಾಗಿ ಎರಡನೆಯ ಪ್ರಶ್ನೆಯನ್ನು ಕೇಳದೆ ಬಿಟ್ಟ ಕಡೆ. ಜಾಲಸೇವೆಗಳ ಸುರಕ್ಷತೆಗಾಗಿ 2001ರಲ್ಲಿ ಹುಟ್ಟಿದ ಓವಾಸ್ಪ್ ಎಂಬ ಲಾಭರಹಿತ ಸಂಸ್ಥೆ ಆಗಾಗ ಪ್ರಕಟಿಸುವ ಹತ್ತು ಮುಖ್ಯ ದೋಷಗಳ ಪಟ್ಟಿಯಲ್ಲಿ, ಈ ಅಧಿಕಾರ ನಿರ್ಣಯದ ಲೋಪವು 2017ರಲ್ಲಿ ಐದನೆಯ ಸ್ಥಾನದಲ್ಲಿದ್ದು 2021ರಲ್ಲಿ ಮೊದಲ ಸ್ಥಾನಕ್ಕೆ ಏರಿತು.

ಯಾರು ಎಂಬ ಪ್ರಶ್ನೆ, ಏನು ಸಲ್ಲುತ್ತದೆ ಎಂಬ ಪ್ರಶ್ನೆ, ಇವೆರಡೂ ಬೇರೆ ಎಂಬುದನ್ನು ನೆನಪಿಟ್ಟುಕೊಂಡು, ಒಮ್ಮೆ ಒಳಗೆ ಬಂದವರನ್ನು ಸರ್ವರ್ ಹೇಗೆ ಗುರುತಿಟ್ಟುಕೊಳ್ಳುತ್ತದೆ ಎಂಬುದನ್ನು ನೋಡಬೇಕು. ಸರ್ವರ್ ಎಂದರೆ ಪುಟಗಳನ್ನು ಕೇಳಿದವರಿಗೆ ಕಳಿಸಿಕೊಡುವ ದೂರದ ಕಂಪ್ಯೂಟರ್. ಬ್ರೌಸರ್‌ಗೂ ಸರ್ವರ್‌ಗೂ ನಡುವಿನ ಮಾತುಕತೆಯ ನಿಯಮದಲ್ಲಿ ನೆನಪೆಂಬುದೇ ಇಲ್ಲ; ಒಂದು ಪುಟ ಕೇಳಿದವರೇ ಮರುಕ್ಷಣ ಇನ್ನೊಂದು ಪುಟ ಕೇಳಿದರೂ ಸರ್ವರ್‌ಗೆ ಅವರು ಹೊಸಬರು. ಈ ಮರೆವಿಗೆ 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಲೂ ಮಾಂಟುಲಿ ಎಂಬ ತಂತ್ರಜ್ಞ ಕಂಡುಕೊಂಡ ಪರಿಹಾರವೇ ಕುಕಿ. ಲಾಗಿನ್ ಆದ ಕೂಡಲೇ ಸರ್ವರ್ ಒಂದು ಉದ್ದನೆಯ, ಊಹಿಸಲಾಗದ ಗುರುತಿನ ಸಾಲನ್ನು ಬ್ರೌಸರ್‌ಗೆ ಕೊಡುತ್ತದೆ. ಬ್ರೌಸರ್ ಅದನ್ನು ಮುಂದಿನ ಪ್ರತಿ ಕೋರಿಕೆಯೊಂದಿಗೂ ತೋರಿಸುತ್ತದೆ. ಚಿತ್ರಮಂದಿರದ ಸೈಕಲ್ ಸ್ಟ್ಯಾಂಡಿನಲ್ಲಿ ಕೊಡುವ ಚೀಟಿಯಂತೆ ಇದು. ಚೀಟಿ ಯಾರ ಕೈಯಲ್ಲಿದೆಯೋ ಅವರಿಗೆ ಗಾಡಿ ಸಿಗುತ್ತದೆ, ಹೆಸರನ್ನು ಮತ್ತೆ ಯಾರೂ ಕೇಳುವುದಿಲ್ಲ. ಈ ಗುರುತು ಜೀವಂತವಾಗಿರುವ ಅವಧಿಗೆ ಸೆಷನ್ ಎಂದು ಹೆಸರು.

ಹೀಗಾಗಿ ಪರೀಕ್ಷಕರ ಮೊದಲ ಕೆಲಸ ಈ ಗುರುತಿನ ಹುಟ್ಟು ಸಾವುಗಳನ್ನು ಪರಿಶೀಲಿಸುವುದು. ಲಾಗಿನ್‌ಗೆ ಮೊದಲಿದ್ದ ಗುರುತು ಲಾಗಿನ್ ಆದ ಮೇಲೆ ಬದಲಾಗಬೇಕು; ಬದಲಾಗದಿದ್ದರೆ, ಬೇರೊಬ್ಬರು ಮೊದಲೇ ತಂದು ಅಂಟಿಸಿದ ಗುರುತಿನ ಮೇಲೆ ಅಮಾಯಕರು ಲಾಗಿನ್ ಆಗುವ ಅಪಾಯವಿದೆ. ಕೆಲಸವಿಲ್ಲದೆ ಬಿಟ್ಟ ಪುಟ ನಿಗದಿತ ನಿಮಿಷಗಳ ನಂತರ ತಾನೇ ಮುಚ್ಚಿಕೊಳ್ಳಬೇಕು. ನಿರ್ಗಮಿಸಿ ಎಂಬ ಗುಂಡಿ ಒತ್ತಿದಾಗ ಗುರುತು ಬ್ರೌಸರ್‌ನಿಂದ ಅಳಿದರೆ ಸಾಲದು, ಸರ್ವರ್‌ನಲ್ಲೂ ಸಾಯಬೇಕು. ಇದನ್ನು ಪರೀಕ್ಷಿಸುವುದು ಸುಲಭ: ಗುರುತಿನ ಸಾಲನ್ನು ಮೊದಲೇ ಬೇರೆಡೆ ಬರೆದಿಟ್ಟುಕೊಂಡು, ನಿರ್ಗಮಿಸಿ, ಅದೇ ಸಾಲನ್ನು ಮತ್ತೆ ಸರ್ವರ್‌ಗೆ ತೋರಿಸಿದರೆ ಸಾಕು, ಸರ್ವರ್ ಆಗಲೂ ಪುಟ ಕೊಟ್ಟರೆ ನಿರ್ಗಮನ ಬರೀ ನಾಟಕವೆಂದು ತಿಳಿಯುತ್ತದೆ.

ಹಲವರು ಒಂದೇ ಕಂಪ್ಯೂಟರ್ ಬಳಸುವ ಸೇವಾಕೇಂದ್ರ, ಕಾಲೇಜು ಪ್ರಯೋಗಾಲಯ, ಸೈಬರ್ ಸೆಂಟರ್‌ಗಳಲ್ಲಿ ಇನ್ನೊಂದು ಪರೀಕ್ಷೆ ತೀರಾ ಅಗತ್ಯ. ಒಬ್ಬರು ತಮ್ಮ ಅಂಕಪಟ್ಟಿ ನೋಡಿ, ನಿಯಮದಂತೆ ನಿರ್ಗಮಿಸಿ, ಕುರ್ಚಿ ಬಿಟ್ಟು ಏಳುತ್ತಾರೆ. ಮುಂದೆ ಕುಳಿತವರು ಬ್ರೌಸರ್‌ನ ಎಡ ಮೂಲೆಯಲ್ಲಿರುವ ಹಿಂದಕ್ಕೆ ಹೋಗುವ ಬಾಣವನ್ನು ಒತ್ತುತ್ತಾರೆ. ಹಿಂದಿನವರ ಅಂಕಪಟ್ಟಿ ಹೆಸರು ಸಹಿತ ಮತ್ತೆ ಎದ್ದು ನಿಲ್ಲುತ್ತದೆ. ಇಲ್ಲಿ ಸರ್ವರ್ ಏನನ್ನೂ ಕೊಟ್ಟಿರುವುದಿಲ್ಲ. ಬ್ರೌಸರ್ ತನ್ನ ನೆನಪಿನಲ್ಲಿ ಉಳಿಸಿಕೊಂಡಿದ್ದ ಪ್ರತಿಯನ್ನು ತೋರಿಸಿರುತ್ತದೆ. ಲಾಗಿನ್ ಹಿಂದಿನ ಪುಟಗಳನ್ನು ಉಳಿಸಿಕೊಳ್ಳಬಾರದೆಂಬ ಸೂಚನೆಯನ್ನು ಸರ್ವರ್ ಪುಟದ ಜೊತೆಯಲ್ಲೇ ಕಳಿಸಬೇಕು, ಅದನ್ನು ಕಳಿಸುತ್ತಿದೆಯೇ ಎಂದು ಪರೀಕ್ಷಕರು ಪ್ರತಿ ಪುಟಕ್ಕೂ ನೋಡಬೇಕು. ತನ್ನ ಸ್ವಂತ ಲ್ಯಾಪ್‌ಟಾಪ್‌ನಲ್ಲಿ ಕುಳಿತು ಪರೀಕ್ಷಿಸುವ ಬೆಂಗಳೂರಿನ ತಂತ್ರಜ್ಞನಿಗೆ ಈ ದೋಷ ಕಾಣುವುದೇ ಇಲ್ಲ. ಅವನ ಕುರ್ಚಿಯಲ್ಲಿ ಎರಡನೆಯವರು ಕೂರುವುದಿಲ್ಲವಷ್ಟೇ.

ಇದುವರೆಗೆ ಹೇಳಿದ್ದು ಗುರುತಿನ ಚೀಟಿಯ ವಿಷಯ. ಚೀಟಿ ಅಸಲಿಯೇ ಆಗಿರಲಿ, ಅದನ್ನು ಹಿಡಿದವರು ಬೇರೆಯವರ ದಾಖಲೆಗೆ ಕೈ ಹಾಕಿದರೆ ಏನಾಗುತ್ತದೆ ಎಂಬುದು ಮುಂದಿನ ವಿಷಯ, ಈ ಭಾಷಣದ ತಿರುಳೂ ಇದೇ. ಇದಕ್ಕೆ ಬೇಕಾದ್ದು ದುಬಾರಿ ಯಂತ್ರವಲ್ಲ, ಎರಡು ಪರೀಕ್ಷಾ ಖಾತೆಗಳು. ಒಂದು ದಾವಣಗೆರೆಯ ಕಾಲ್ಪನಿಕ ವಿದ್ಯಾರ್ಥಿಯದು, ಇನ್ನೊಂದು ಹರಿಹರದ ಕಾಲ್ಪನಿಕ ವಿದ್ಯಾರ್ಥಿಯದು ಎಂದಿಟ್ಟುಕೊಳ್ಳೋಣ. ಮೊದಲ ಖಾತೆಯಲ್ಲಿ ಲಾಗಿನ್ ಆಗಿ ಅಂಕಪಟ್ಟಿ ತೆರೆದಾಗ ಬ್ರೌಸರ್‌ನ ಮೇಲಿನ ವಿಳಾಸದ ಸಾಲಿನ ತುದಿಯಲ್ಲಿ ಒಂದು ಸಂಖ್ಯೆ ಕಾಣುತ್ತದೆ. ಅದು 500 ಎಂದಿರಲಿ. ಎರಡನೆಯ ಖಾತೆಯ ಅಂಕಪಟ್ಟಿಯ ಸಂಖ್ಯೆ 501 ಎಂದಿರಲಿ. ಈಗ ಮೊದಲ ಖಾತೆಯಲ್ಲೇ ಇದ್ದು, ವಿಳಾಸದ ಕೊನೆಯ ಅಂಕಿಯನ್ನು ತಿದ್ದಿ 501 ಮಾಡಿ ಎಂಟರ್ ಒತ್ತಬೇಕು. ಸರ್ವರ್ "ಇದು ನಿಮಗೆ ಸೇರಿದ್ದಲ್ಲ" ಎಂದರೆ ಪರೀಕ್ಷೆಯಲ್ಲಿ ತೇರ್ಗಡೆ. ಹರಿಹರದ ವಿದ್ಯಾರ್ಥಿಯ ಅಂಕಪಟ್ಟಿ ತೆರೆದುಕೊಂಡರೆ ಇಡೀ ವಿಶ್ವವಿದ್ಯಾಲಯದ ಅಂಕಪಟ್ಟಿಗಳೂ ತೆರೆದಂತೆಯೇ ಲೆಕ್ಕ, ಏಕೆಂದರೆ 502, 503 ಎಂದು ಎಣಿಸುತ್ತಾ ಹೋಗುವ ಕೆಲಸವನ್ನು ಹತ್ತು ಸಾಲಿನ ಪ್ರೋಗ್ರಾಂ ರಾತ್ರೋರಾತ್ರಿ ಮಾಡಿ ಮುಗಿಸುತ್ತದೆ.

ಇಷ್ಟು ಸರಳವಾದ ತಪ್ಪನ್ನು ದೊಡ್ಡ ಸಂಸ್ಥೆಗಳು ಮಾಡಲಾರವು ಎಂದು ಯಾರಾದರೂ ಭಾವಿಸಿದರೆ ಅಮೆರಿಕದ ಎರಡು ಪ್ರಕರಣಗಳನ್ನು ಗಮನಿಸಬೇಕು. 2011ರಲ್ಲಿ ಸಿಟಿ ಬ್ಯಾಂಕಿನ ಕ್ರೆಡಿಟ್ ಕಾರ್ಡ್ ತಾಣದೊಳಗೆ ಲಾಗಿನ್ ಆದ ಕಳ್ಳರು ವಿಳಾಸದ ಸಾಲಿನಲ್ಲಿದ್ದ ಖಾತೆ ಸಂಖ್ಯೆಯನ್ನು ಬದಲಿಸುತ್ತಾ ಹೋಗಿ ಮೂರೂವರೆ ಲಕ್ಷಕ್ಕೂ ಹೆಚ್ಚು ಗ್ರಾಹಕರ ಮಾಹಿತಿ ಬಾಚಿಕೊಂಡರು. 2019ರಲ್ಲಿ ಫಸ್ಟ್ ಅಮೆರಿಕನ್ ಎಂಬ ಆಸ್ತಿ ಹಕ್ಕಿನ ವಿಮೆ ಸಂಸ್ಥೆಯ ತಾಣದಲ್ಲಿ ಹೀಗೆಯೇ ಅಂಕಿ ಬದಲಿಸಿದರೆ 88 ಕೋಟಿಗೂ ಹೆಚ್ಚು ದಾಖಲೆಗಳು, ಯಾವ ಪಾಸ್‌ವರ್ಡೂ ಇಲ್ಲದೆ, ತೆರೆಯುವ ಸ್ಥಿತಿಯಲ್ಲಿದ್ದುದು ಬೆಳಕಿಗೆ ಬಂತು. ಎರಡೂ ಕಡೆ ಲೋಪದ ಸ್ವರೂಪ ಒಂದೇ: ತಂತ್ರಾಂಶ ಬರೆದವರು ಬೇರೆಯವರ ದಾಖಲೆಯ ಕೊಂಡಿಯನ್ನು ಪುಟದಲ್ಲಿ ತೋರಿಸದೆ ಬಿಟ್ಟರು, ತೋರಿಸದಿದ್ದರೆ ಯಾರೂ ಕೇಳುವುದಿಲ್ಲವೆಂದು ನಂಬಿದರು, ಕೇಳಿದಾಗ ಸರ್ವರ್ ತಡೆಯಬೇಕೆಂಬುದನ್ನು ಬರೆಯಲಿಲ್ಲ.

ಅಂಕಪಟ್ಟಿ, ರಸೀದಿಗಳನ್ನು ಪಿಡಿಎಫ್ ರೂಪದಲ್ಲಿ ಕೊಡುವಾಗ ಈ ಲೋಪಕ್ಕೆ ಇನ್ನೊಂದು ಮುಖ ಬರುತ್ತದೆ. ಪುಟಕ್ಕೆ ಕಾವಲಿದ್ದು, ಪುಟದಿಂದ ಇಳಿಸಿಕೊಳ್ಳುವ ಕಡತ ಮಾತ್ರ ಸರ್ವರ್‌ನ ತೆರೆದ ಫೋಲ್ಡರ್‌ನಲ್ಲಿ ಬಿದ್ದಿರುತ್ತದೆ. ಕಡತದ ವಿಳಾಸವನ್ನು ನಕಲಿಸಿ, ಲಾಗಿನ್ ಆಗದ ಬೇರೊಂದು ಬ್ರೌಸರ್‌ನಲ್ಲಿ ಅಂಟಿಸಿ ನೋಡಿದರೆ ಅರ್ಧ ನಿಮಿಷದಲ್ಲಿ ಬಣ್ಣ ಬಯಲಾಗುತ್ತದೆ. ಈ ಪರೀಕ್ಷೆಯನ್ನು ಬಿಡುವವರೇ ಹೆಚ್ಚು.

ಒಂದೇ ದರ್ಜೆಯ ಇಬ್ಬರು ಬಳಕೆದಾರರ ನಡುವಿನ ಗೋಡೆಯನ್ನು ಎರಡು ಖಾತೆಗಳಿಂದ ಪರೀಕ್ಷಿಸುವ ಕ್ರಮವನ್ನು ಈವರೆಗೆ ವಿವರಿಸಲಾಯಿತು. ದರ್ಜೆಗಳೇ ಬೇರೆಯಾಗಿದ್ದಾಗ ಪರೀಕ್ಷೆ ವಿಸ್ತಾರವಾಗುತ್ತದೆ. ಜಮೀನಿನ ಹಕ್ಕು ಬದಲಾವಣೆಯಂಥ ಕೆಲಸದಲ್ಲಿ ಅರ್ಜಿ ದಾಖಲಿಸುವವರು ಒಬ್ಬರು, ಪರಿಶೀಲಿಸುವವರು ಒಬ್ಬರು, ಆದೇಶ ನೀಡುವವರು ಮತ್ತೊಬ್ಬರು. ಒಬ್ಬೊಬ್ಬರ ಲಾಗಿನ್‌ಗೂ ಒಂದೊಂದು ಪಾತ್ರವೆಂದು ತಂತ್ರಾಂಶದಲ್ಲಿ ಹೆಸರು. ಕೇಳುಗರು ಮನಸ್ಸಿನಲ್ಲೇ ಒಂದು ಕೋಷ್ಟಕ ಬರೆದುಕೊಳ್ಳಬಹುದು: ಎಡಬದಿಯಲ್ಲಿ ಮೇಲಿನಿಂದ ಕೆಳಕ್ಕೆ ಪುಟಗಳ ಹೆಸರು, ತಲೆಯ ಮೇಲೆ ಅಡ್ಡಲಾಗಿ ಪಾತ್ರಗಳ ಹೆಸರು, ಎರಡೂ ಕೂಡುವ ಪ್ರತಿ ಚೌಕದಲ್ಲಿ ಹೌದು ಅಥವಾ ಇಲ್ಲ ಎಂಬ ಒಂದು ಪದ. ಪುಟ 20, ಪಾತ್ರ 5 ಎಂದಾದರೆ ಚೌಕ 100. ಲಾಗಿನ್ ಆಗದವರಿಗೆಂದು ಇನ್ನೊಂದು ಕಂಬಸಾಲು ಸೇರಿಸಿದರೆ 120. ಹೌದು ಎಂದಿರುವ ಚೌಕಗಳನ್ನು ಎಲ್ಲರೂ ಪರೀಕ್ಷಿಸುತ್ತಾರೆ, ಏಕೆಂದರೆ ಅಲ್ಲಿ ಕೆಲಸ ನಿಂತರೆ ಮರುದಿನವೇ ದೂರು ಬರುತ್ತದೆ. ಇಲ್ಲ ಎಂದಿರುವ ಚೌಕದಲ್ಲಿ ಬಾಗಿಲು ತೆರೆದೇ ಇದ್ದರೆ ಯಾರೂ ದೂರು ಕೊಡುವುದಿಲ್ಲ. ಲಾಭ ಪಡೆಯುತ್ತಿರುವವರಂತೂ ಬಾಯಿ ಬಿಡುವುದಿಲ್ಲ. ಪರೀಕ್ಷಕರ ಸಮಯದ ಹೆಚ್ಚಿನ ಪಾಲು ಈ ಇಲ್ಲ ಎಂಬ ಚೌಕಗಳಿಗೆ ಸಲ್ಲಬೇಕು.

ದಾವಣಗೆರೆಯ ಎಪಿಎಂಸಿಯ ಮೆಕ್ಕೆಜೋಳದ ವಹಿವಾಟನ್ನು ಬಲ್ಲವರಿಗೆ ಈ ಕೋಷ್ಟಕಕ್ಕೆ ಇನ್ನೊಂದು ಆಯಾಮ ಸೇರಬೇಕೆಂಬುದು ಬೇಗ ಹೊಳೆಯುತ್ತದೆ. ಕರ್ನಾಟಕದ ಕೃಷಿ ಮಾರುಕಟ್ಟೆಗಳನ್ನು ಒಂದೇ ಜಾಲಕ್ಕೆ ತರುವ ಏಕೀಕೃತ ಮಾರುಕಟ್ಟೆ ವೇದಿಕೆ 2014ರಲ್ಲಿ ಆರಂಭವಾಯಿತು. ಇಂಥ ವ್ಯವಸ್ಥೆಯಲ್ಲಿ ರೈತರ ಹುಟ್ಟುವಳಿಗೆ ಲಾಟ್ ಸಂಖ್ಯೆ ಬೀಳುತ್ತದೆ, ಖರೀದಿದಾರರು ತಮ್ಮ ತಮ್ಮ ಲಾಗಿನ್‌ನಲ್ಲಿ ಆ ಲಾಟ್‌ಗೆ ದರ ನಮೂದಿಸುತ್ತಾರೆ, ಟೆಂಡರ್ ಸಮಯ ಮುಗಿದ ಮೇಲೆ ಹೆಚ್ಚಿನ ದರ ಯಾರದೆಂದು ಘೋಷಣೆಯಾಗುತ್ತದೆ. ಒಬ್ಬ ಖರೀದಿದಾರನ ದರ ಇನ್ನೊಬ್ಬನಿಗೆ ಸಮಯ ಮುಗಿಯುವ ಮೊದಲು ಕಂಡರೆ ಅವನು ಅದರ ಮೇಲೆ ಒಂದು ರೂಪಾಯಿ ಏರಿಸಿ ಸುಮ್ಮನಾಗುತ್ತಾನೆ. ನಷ್ಟ ಕ್ವಿಂಟಾಲ್ ಲೆಕ್ಕದಲ್ಲಿ ರೈತನ ಮೇಲೆ ಬೀಳುತ್ತದೆ. ಆದ್ದರಿಂದ ಇಲ್ಲಿ ಚೌಕದೊಳಗಿನ ಉತ್ತರ ಗಡಿಯಾರವನ್ನು ಅವಲಂಬಿಸಿದೆ: ಮುಕ್ತಾಯಕ್ಕೆ ಮೊದಲು ಇಲ್ಲ, ಮುಕ್ತಾಯದ ನಂತರ ಹೌದು. ಎರಡು ಖರೀದಿದಾರ ಖಾತೆಗಳನ್ನು ತೆರೆದು, ಮುಕ್ತಾಯದ ಕೊನೆಯ ನಿಮಿಷದಲ್ಲಿ ಒಂದು ಸಲ, ಮುಗಿದ ಮರುಕ್ಷಣ ಇನ್ನೊಂದು ಸಲ ಪರೀಕ್ಷಿಸಬೇಕು. ಜೊತೆಗೆ, ಖರೀದಿದಾರ ತನ್ನ ಅಂಗಡಿಯ ಕಂಪ್ಯೂಟರಿನ ಗಡಿಯಾರವನ್ನು ಹತ್ತು ನಿಮಿಷ ಹಿಂದಕ್ಕೆ ತಿರುಗಿಸಿ ದರ ಹಾಕಲು ಯತ್ನಿಸಿದರೆ ಏನಾಗುತ್ತದೆಂದೂ ನೋಡಬೇಕು. ಸರ್ವರ್ ತನ್ನ ಗಡಿಯಾರವನ್ನಷ್ಟೇ ನಂಬತಕ್ಕದ್ದು.

ಪುಟ, ಪಾತ್ರ, ಸಮಯ ಎಂಬ ಮೂರು ಅಂಶಗಳ ಈ ಕೋಷ್ಟಕವನ್ನು ಪ್ರತಿ ಸಲ ತಂತ್ರಾಂಶ ಬದಲಾದಾಗಲೂ ಕೈಯಿಂದಲೇ ಪರೀಕ್ಷಿಸುವುದು ಆಗದ ಮಾತು. ಅದಕ್ಕಾಗಿ ಬ್ರೌಸರನ್ನು ಮನುಷ್ಯರಂತೆಯೇ ನಡೆಸುವ ಉಪಕರಣಗಳಿವೆ. 2004ರಲ್ಲಿ ಷಿಕಾಗೋದಲ್ಲಿ ಜೇಸನ್ ಹಗಿನ್ಸ್ ಎಂಬವರು ಬರೆಯಲು ಆರಂಭಿಸಿದ ಸೆಲೆನಿಯಂ ಇವುಗಳಲ್ಲಿ ಪ್ರಸಿದ್ಧ. 2020ರಲ್ಲಿ ಮೈಕ್ರೋಸಾಫ್ಟ್ ಹೊರತಂದ ಪ್ಲೇರೈಟ್ ಈಚಿನದು. ಪ್ರತಿ ಪುಟದ ಪರೀಕ್ಷೆಗೂ ಹೊಸದಾಗಿ ಲಾಗಿನ್ ಆಗುತ್ತಾ ಕೂತರೆ ಸಮಯ ಹಾಳು. ಪ್ರತಿ ಪಾತ್ರಕ್ಕೆ ಒಮ್ಮೆ ಲಾಗಿನ್ ಆಗಿ, ಆಗ ಸಿಕ್ಕ ಕುಕಿಗಳನ್ನು ಕಡತದಲ್ಲಿ ಉಳಿಸಿ, ಉಳಿದ ಪರೀಕ್ಷೆಗಳಿಗೆ ಅದನ್ನೇ ಕೊಡುವುದು ವಾಡಿಕೆ. ಆ ಕಡತ ಕೈತಪ್ಪಿದರೆ ಪಾಸ್‌ವರ್ಡ್ ಕೈತಪ್ಪಿದಂತೆಯೇ ಆದ್ದರಿಂದ ಅದನ್ನು ತಂತ್ರಾಂಶದ ಮೂಲಪ್ರತಿಯ ಜೊತೆ ಸೇರಿಸಿ ಎಲ್ಲರಿಗೂ ಹಂಚಬಾರದು.

ಯಂತ್ರಕ್ಕೆ ಒಟಿಪಿ ಒಂದು ತೊಡಕು. ಒಟಿಪಿ ಬರುವುದು ಮನುಷ್ಯರ ಮೊಬೈಲಿಗೆ, ಪರೀಕ್ಷೆ ನಡೆಯುವುದು ನಡುರಾತ್ರಿ. ಇದಕ್ಕೆ ಪರೀಕ್ಷಾ ಸರ್ವರ್‌ನಲ್ಲಿ ಮಾತ್ರ 123456ರಂಥ ಒಂದು ಸ್ಥಿರ ಸಂಖ್ಯೆಯನ್ನು ಒಪ್ಪುವಂತೆ ಮಾಡುವುದು ರೂಢಿಯಲ್ಲಿದೆ. ಅದು ತಪ್ಪಲ್ಲ, ಆದರೆ ಅದೇ ತಂತ್ರಾಂಶವನ್ನು ಜನಬಳಕೆಯ ಸರ್ವರ್‌ಗೆ ಏರಿಸುವಾಗ ಈ ಕಿಂಡಿಯನ್ನು ಮುಚ್ಚಲು ಮರೆತರೆ ಯಾರ ಮೊಬೈಲ್ ಸಂಖ್ಯೆ ಗೊತ್ತಿದ್ದರೂ ಅವರ ಖಾತೆಯೊಳಗೆ ಹೋಗಬಹುದು. ಆದ್ದರಿಂದ ಜನಬಳಕೆಯ ಸರ್ವರ್‌ನಲ್ಲಿ ಮಾಡಬೇಕಾದ ಮೊಟ್ಟಮೊದಲ ಪರೀಕ್ಷೆ, ಆ ಸ್ಥಿರ ಸಂಖ್ಯೆಯನ್ನು ಹಾಕಿ ತಿರಸ್ಕಾರವಾಗುವುದನ್ನು ಕಣ್ಣಾರೆ ಕಾಣುವುದು. ಪರೀಕ್ಷೆಗೆಂದು ಅಧಿಕಾರಿಗಳ ಅಸಲಿ ಪಾಸ್‌ವರ್ಡ್ ಎರವಲು ಪಡೆಯುವುದು, ಜನರ ಅಸಲಿ ದಾಖಲೆಗಳನ್ನು ಪರೀಕ್ಷಾ ಸರ್ವರ್‌ಗೆ ನಕಲು ಮಾಡುವುದು, ಎರಡೂ ಕೆಟ್ಟ ಚಾಳಿ. ವೈಯಕ್ತಿಕ ದತ್ತಾಂಶ ಸಂರಕ್ಷಣೆಗೆ 2023ರಲ್ಲಿ ಕಾಯಿದೆ ಬಂದ ಮೇಲಂತೂ ಇದನ್ನು ಹಗುರವಾಗಿ ಕಾಣುವಂತಿಲ್ಲ.

ಕನ್ನಡದ ಪುಟಗಳಿಗೆ ಇಲ್ಲೊಂದು ವಿಶೇಷ ಪರೀಕ್ಷೆಯಿದೆ, ಹೊರರಾಜ್ಯದ ಕಂಪನಿಗಳು ಇದನ್ನು ಊಹಿಸುವುದೂ ಇಲ್ಲ. ಕನ್ನಡದ ೧, ೨, ೩ ಎಂಬ ಅಂಕಿಗಳಿಗೂ 1, 2, 3 ಎಂಬ ಅಂಕಿಗಳಿಗೂ ಯೂನಿಕೋಡ್‌ನಲ್ಲಿ ಬೇರೆ ಬೇರೆ ಸಂಕೇತಗಳಿವೆ. ಕೀಲಿಮಣೆ ಕನ್ನಡದಲ್ಲೇ ಇದ್ದು ಒಟಿಪಿಯನ್ನು ಕನ್ನಡ ಅಂಕಿಗಳಲ್ಲಿ ನಮೂದಿಸಿದರೆ, ಸರ್ವರ್ ಅವುಗಳನ್ನು ಹೊಂದಿಸಿಕೊಳ್ಳದ ಹೊರತು, ಸರಿಯಾದ ಒಟಿಪಿಯೂ ತಪ್ಪೆಂದೇ ಬರುತ್ತದೆ. ಮೂರು ಸಲ ಹಾಗಾದರೆ ಖಾತೆಗೆ ಬೀಗ ಬೀಳಬಹುದು. ಪಾಸ್‌ವರ್ಡ್ ಪೆಟ್ಟಿಗೆಯಲ್ಲಿ ಅಕ್ಷರಗಳ ಬದಲು ಚುಕ್ಕಿಗಳೇ ಕಾಣುವುದರಿಂದ ಕೀಲಿಮಣೆ ಯಾವ ಭಾಷೆಯಲ್ಲಿದೆಯೆಂಬುದು ತಿಳಿಯುವುದಿಲ್ಲ. ನುಡಿ ತಂತ್ರಾಂಶವನ್ನು ಚಾಲೂ ಇಟ್ಟುಕೊಂಡೇ ದಿನ ಕಳೆಯುವ ಕಚೇರಿಗಳಿಗೆ ಈ ಪರೀಕ್ಷೆ ಅನಿವಾರ್ಯ.

ಗುರುತು, ಅಧಿಕಾರ, ಯಂತ್ರದಿಂದ ಪರೀಕ್ಷೆ, ಇಷ್ಟನ್ನು ದಾಟಿದ ಮೇಲೆ ಸುರಕ್ಷತಾ ತಪಾಸಣೆಯ ಯಂತ್ರಗಳ ಬಗ್ಗೆ ಒಂದು ಎಚ್ಚರಿಕೆ. ಓವಾಸ್ಪ್‌ನ ನೆರಳಿನಲ್ಲಿ ಬೆಳೆದ ಜ್ಯಾಪ್‌ನಂಥ ತಪಾಸಣಾ ಯಂತ್ರಗಳು ಪುಟದಲ್ಲಿ ಕಂಡ ಪ್ರತಿ ಕೊಂಡಿಯನ್ನೂ ಹಿಂಬಾಲಿಸುತ್ತವೆ. ಲಾಗಿನ್ ವಿವರ ಕೊಟ್ಟು ಒಳಗೆ ಬಿಟ್ಟರೆ ಯಂತ್ರ ಮೊದಲ ಪುಟದಲ್ಲೇ ನಿರ್ಗಮಿಸಿ ಎಂಬ ಕೊಂಡಿಯನ್ನೂ ಶ್ರದ್ಧೆಯಿಂದ ಒತ್ತುತ್ತದೆ, ಹೊರಗೆ ಬೀಳುತ್ತದೆ, ಮುಂದಿನ ಮುನ್ನೂರು ಪುಟಗಳಿಗೂ ಲಾಗಿನ್ ಪುಟವನ್ನೇ ನೋಡಿ "ದೋಷವಿಲ್ಲ" ಎಂದು ವರದಿ ಬರೆಯುತ್ತದೆ. ಆ ವರದಿಗೆ ಬೆಲೆಯಿಲ್ಲ. ನಿರ್ಗಮನದ ಕೊಂಡಿಯನ್ನು ಮುಟ್ಟದಂತೆ ಯಂತ್ರಕ್ಕೆ ಹೇಳಬೇಕು. ಒಳಗಿದ್ದೇನೋ ಹೊರಗಿದ್ದೇನೋ ಎಂದು ಅದು ತಿಳಿಯಲು, ಒಳಗಿರುವಾಗ ಮಾತ್ರ ಪುಟದಲ್ಲಿ ಕಾಣುವ ಒಂದು ಪದವನ್ನು ಗುರುತಾಗಿ ಕೊಡಬೇಕು. ಅಳಿಸು ಎಂಬ ಕೊಂಡಿಗಳನ್ನೂ ಅದು ಬಿಡದೆ ಒತ್ತುವುದರಿಂದ ಜನಬಳಕೆಯ ದತ್ತಾಂಶದ ಮೇಲೆ ಅದನ್ನು ಛೂ ಬಿಡಬಾರದು.

ಸರಿಯಾದವರಿಗೆ ಸರಿಯಾದ ಪುಟ ತೆರೆಯುತ್ತದೆ ಎಂದಾದ ಮೇಲೆ ಉಳಿಯುವ ಪ್ರಶ್ನೆ, ಎಲ್ಲರೂ ಒಟ್ಟಿಗೆ ಬಂದರೆ ತೆರೆಯುತ್ತದೆಯೇ ಎಂಬುದು. ಜನ ಇದನ್ನು "ಸರ್ವರ್ ಡೌನ್" ಎಂಬ ಎರಡೇ ಪದಗಳಲ್ಲಿ ಹೇಳಿ ಮುಗಿಸುತ್ತಾರೆ. ರಾಜ್ಯದ ಉಪನೋಂದಣಿ ಕಚೇರಿಗಳು ಬಳಸುವ ಕಾವೇರಿ 2.0 ವ್ಯವಸ್ಥೆ 2025ರ ಜನವರಿಯಲ್ಲಿ ಬಹುತೇಕ ಸ್ಥಗಿತಗೊಂಡು ಆಸ್ತಿ ನೋಂದಣಿಗೆ ಬಂದವರು ಪರದಾಡಿದ ಪ್ರಸಂಗ ಇಲ್ಲಿ ಬಹಳ ಹೊಂದುತ್ತದೆ. ನಕಲಿ ಖಾತೆಗಳನ್ನು ಸೃಷ್ಟಿಸಿ, ಸುಮಾರು 60 ಖಾತೆಗಳಿಂದ ಋಣಭಾರ ಪ್ರಮಾಣಪತ್ರದ, ಅಂದರೆ ಇ.ಸಿ.ಯ ಹುಡುಕಾಟದ ಮೇಲೆ ಯಂತ್ರಗಳ ಮೂಲಕ ಕೋರಿಕೆಗಳ ಮಳೆಗರೆದು ವ್ಯವಸ್ಥೆಯನ್ನು ಉಸಿರುಗಟ್ಟಿಸಲಾಗಿತ್ತು. ದಾಳಿ ಬಂದದ್ದು ಹೊರಗಿನಿಂದ ಬಾಗಿಲು ಬಡಿದವರಿಂದಲ್ಲ ಎಂಬುದು ಗಮನಾರ್ಹ; ಅದು ನಿಯಮದಂತೆ ಲಾಗಿನ್ ಆದ ಖಾತೆಗಳ ವೇಷದಲ್ಲೇ ಬಂದಿತ್ತು. ಒಂದು ಖಾತೆ ಒಂದು ನಿಮಿಷದಲ್ಲಿ ಎಷ್ಟು ಹುಡುಕಾಟ ನಡೆಸಬಹುದೆಂಬ ಮಿತಿಯೂ ಪರೀಕ್ಷೆಯ ಪಟ್ಟಿಯಲ್ಲಿರಬೇಕೆಂದು ಈ ಪ್ರಸಂಗ ತೋರಿಸುತ್ತದೆ. ಜೆಮೀಟರ್‌ನಂಥ ಉಪಕರಣದಿಂದ 500 ಜನರ ಹೊರೆ ಹಾಕುವಾಗ 500 ಬೇರೆ ಬೇರೆ ಪರೀಕ್ಷಾ ಖಾತೆಗಳಿರಬೇಕು. ಒಂದೇ ಖಾತೆಯನ್ನು 500 ಸಲ ಓಡಿಸಿದರೆ ಸರ್ವರ್ ಒಮ್ಮೆ ತೆಗೆದ ಉತ್ತರವನ್ನೇ ನೆನಪಿನಿಂದ ಮತ್ತೆ ಮತ್ತೆ ಕೊಟ್ಟು, ಫಲಿತಾಂಶ ಸುಳ್ಳು ಹೇಳುತ್ತದೆ.

ಈ ಎಲ್ಲ ಪರೀಕ್ಷೆಗಳೂ ಅನುಮತಿಯಿದ್ದರೆ ಮಾತ್ರ ಪರೀಕ್ಷೆ. ದಾವಣಗೆರೆಯಲ್ಲಿ 1951ರ ಯು.ಬಿ.ಡಿ.ಟಿ., 1979ರ ಬಾಪೂಜಿ ತಾಂತ್ರಿಕ ವಿದ್ಯಾಲಯ ಮೊದಲಾದ ಇಂಜಿನಿಯರಿಂಗ್ ಕಾಲೇಜುಗಳಿದ್ದು, ಈ ಭಾಷಣವನ್ನು ಕೇಳಿದ ವಿದ್ಯಾರ್ಥಿಯೊಬ್ಬ ಇಂದೇ ಯಾವುದೋ ಇಲಾಖೆಯ ವಿಳಾಸದ ಅಂಕಿ ಬದಲಿಸಿ ನೋಡಲು ಕೂರಬಹುದು. ಹಾಗೆ ಮಾಡಬಾರದು. ಮಾಲೀಕರ ಅನುಮತಿಯಿಲ್ಲದೆ ಕಂಪ್ಯೂಟರ್ ವ್ಯವಸ್ಥೆಗೆ ಕೈ ಹಾಕುವುದು 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 43ನೆಯ ಕಲಮಿನಡಿ ತಪ್ಪು. ವಂಚನೆಯ ಉದ್ದೇಶವಿದ್ದರೆ 66ನೆಯ ಕಲಮಿನಡಿ ಮೂರು ವರ್ಷದವರೆಗಿನ ಸೆರೆವಾಸ ಅಥವಾ 5 ಲಕ್ಷ ರೂಪಾಯಿವರೆಗಿನ ದಂಡ, ಇಲ್ಲವೇ ಎರಡೂ. ಕಲಿಯಬೇಕೆನ್ನುವವರಿಗಾಗಿ ಓವಾಸ್ಪ್ ಬೇಕೆಂದೇ ದೋಷಗಳನ್ನು ತುಂಬಿ ಸಿದ್ಧಪಡಿಸಿದ ಜ್ಯೂಸ್ ಶಾಪ್, ವೆಬ್‌ಗೋಟ್ ಎಂಬ ಉಚಿತ ತಂತ್ರಾಂಶಗಳಿವೆ. ಸ್ವಂತ ಕಂಪ್ಯೂಟರ್‌ನಲ್ಲಿ ಅವುಗಳನ್ನು ಹಾಕಿಕೊಂಡು ಎಷ್ಟು ಬೇಕಾದರೂ ಅಂಕಿ ಬದಲಿಸಬಹುದು. ತಾಣವೊಂದರಲ್ಲಿ ದೋಷ ಅಕಸ್ಮಾತ್ ಕಣ್ಣಿಗೆ ಬಿದ್ದರೆ ಮುಂದಕ್ಕೆ ಕೆದಕದೆ, ಸ್ನೇಹಿತರ ಗುಂಪಿಗೆ ಹಾಕದೆ, 2004ರಿಂದ ಕೆಲಸ ಮಾಡುತ್ತಿರುವ ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆಗೆ ತಿಳಿಸುವುದು ಸರಿಯಾದ ದಾರಿ.

ಹಣ ಕೊಟ್ಟು ತಂತ್ರಾಂಶ ಬರೆಸುವ ಸಂಸ್ಥೆಗಳಿಗೆ ಕೊನೆಯದಾಗಿ ಒಂದು ಮನವಿ. ದಾವಣಗೆರೆ ಹರಿಹರಗಳ ಪತ್ತಿನ ಸಹಕಾರ ಸಂಘ, ಕಾಲೇಜು, ಆಸ್ಪತ್ರೆ, ಸ್ಥಳೀಯ ಸಂಸ್ಥೆಗಳ ಆಡಳಿತ ಮಂಡಳಿಯವರು ತಂತ್ರಜ್ಞರಾಗಿರಬೇಕಾಗಿಲ್ಲ. ಕೊನೆಯ ಕಂತಿನ ಬಿಲ್ಲಿಗೆ ಸಹಿ ಹಾಕುವ ಮುನ್ನ ಪುಟ ಮತ್ತು ಪಾತ್ರಗಳ ಕೋಷ್ಟಕವನ್ನು ಕಾಗದದ ಮೇಲೆ ಕೇಳಿ ಪಡೆಯಬೇಕು, ಇಲ್ಲ ಎಂದಿರುವ ಚೌಕಗಳಲ್ಲಿ ಬೇಕಾದ ಐದನ್ನು ಆರಿಸಿ, ಎರಡು ಖಾತೆಗಳನ್ನು ತೆರೆಸಿ, ತಮ್ಮೆದುರೇ ಪರೀಕ್ಷಿಸಿ ತೋರಿಸಲು ಹೇಳಬೇಕು. ಇದಕ್ಕೆ ಅರ್ಧ ಗಂಟೆ ಸಾಕು.